ಸಾಸೇಜ್ ಒಡೆಯದೆ, ಸಾಸ್ ಸೀಯದೆ ಮಾಡೋ ರೀತಿ

ಅಕ್ಕ, ಕೆಂಡದ ಮೇಲೆ ಸಾಸೇಜ್ ಸುಟ್ಟ ನಿಮ್ಮ ಫೋಟೋ ನೋಡ್ದೆ. ಪೋರ್ಕ್ ಸಾಸೇಜ್ ಹೊರಗೆ ಇದ್ದಿಲು, ಕೊಯ್ದ್ರೆ ಒಳಗೆ ಇನ್ನೂ ಹಸಿ, ಬಳಿದಿದ್ದ ಮಾವಿನಹಣ್ಣಿನ ಸಾಸ್ ಗ್ರಿಲ್ ಕಂಬಿಗೆ ಟಾರ್ ಥರ ಮೆತ್ಕೊಂಡಿದೆ. ನಿಮ್ಮ ಮಸಾಲೆ ಸರಿಯಾಗೇ ಇದೆ, ಸಾಸ್ ಬಳಿದ ಟೈಮ್ ತಪ್ಪು. ಹಣ್ಣಿನ ಸಕ್ಕರೆ 110 ಡಿಗ್ರಿ ಹತ್ರಾನೇ ಬಣ್ಣ ತಿರುಗತ್ತೆ, ಕೆಂಡದ ಮೇಲಿನ ಕಂಬಿ 200 ದಾಟಿರತ್ತೆ, ಸಾಸೇಜ್ ಬೇಯೋ ಅಷ್ಟೊತ್ತು ಅದು ಅಲ್ಲೇ ಕೂತಿದ್ರೆ ಸೀಯದೆ ಇನ್ನೇನು.

ಹಸಿ ಸಾಸೇಜ್ ಆದ್ರೆ ಮೊದ್ಲು ಬಿಸಿನೀರಲ್ಲಿ ಹತ್ತು ಹನ್ನೆರಡು ನಿಮಿಷ ಬಿಡಿ. ಕೊತಕೊತ ಕುದೀಬಾರ್ದು, ತಳದಲ್ಲಿ ಸಣ್ಣ ಗುಳ್ಳೆ ಏಳ್ತಿದ್ರೆ ಸಾಕು, ಜೋರಾಗಿ ಕುದ್ರೆ ಪೊರೆ ಬಿರಿಯತ್ತೆ. ಕೋಲ್ಡ್ ಸ್ಟೋರೇಜ್ ಪ್ಯಾಕೆಟ್ ಮೇಲೆ ಬೇಯಿಸಿದ್ದು ಅಂತ ಬರೆದಿದ್ರೆ ಇದೆಲ್ಲ ಬೇಡ, ಹಿಂದಿನ ರಾತ್ರಿನೇ ಫ್ರಿಜ್‌ನಲ್ಲಿ ಕೆಳಗಿಟ್ಟು ಐಸ್ ಬಿಡಿಸ್ಕೊಳ್ಳಿ. ಮತ್ತೆ ಫೋರ್ಕಲ್ಲಿ ಚುಚ್ಚಬೇಡಿ! ಮಡಿಕೇರಿಲಿ ಚಿಕ್ಕಪ್ಪನ ಮನೇಲಿ ನಾನು ದೊಡ್ಡ ಬಾಣಸಿಗನ ಥರ ಎಲ್ಲಾನೂ ಚುಚ್ಚಿ ಇಟ್ಟೆ, ಕೊಬ್ಬೆಲ್ಲ ಕೆಂಡಕ್ಕೆ ಸುರಿದು ಬೆಂಕಿ ಮೊಣಕೈವರೆಗೆ ಎದ್ದು ಕೈ ಮೇಲಿನ ಕೂದಲು ಹೋಯ್ತು, ಸಾಸೇಜ್ ನಾರು ನಾರು.

ಕೆಂಡ ಬೂದಿ ಕಟ್ಟಿದ ಮೇಲೆ ಎಲ್ಲಾ ಒಂದೇ ಕಡೆ ಗುಡ್ಡೆ ಹಾಕಿ. ಕೆಂಡ ಇಲ್ಲದ ಕಡೆ ಸಾಸೇಜ್ ಇಟ್ಟು ಮುಚ್ಚಿ, ಆಗಾಗ ಇಕ್ಕಳದಲ್ಲಿ ತಿರುಗಿಸ್ತಿರಿ. ಥರ್ಮಾಮೀಟರ್ ಇದ್ರೆ ಪೋರ್ಕ್ ಒಳಗೆ 71, ಚಿಕನ್ 74 ಡಿಗ್ರಿ ಬರ್ಬೇಕು. ಆಮೇಲೆ ಕೆಂಡದ ಕಡೆ ಎಳ್ಕೊಂಡು ಕಂದು ಗೆರೆ ಬರಿಸಿ, ಕೊನೆ ಎರಡು ನಿಮಿಷ ಮಾತ್ರ ಸಾಸ್, ಅದೂ ತೆಳ್ಳಗೆ. ಉಳಿದಿದ್ದು ಪಕ್ಕದಲ್ಲಿ ಬಟ್ಟಲಲ್ಲಿಡಿ.

ಸಾಸ್‌ಗೆ ನಾನು ಮಾವಿಗಿಂತ ಅನಾನಸ್ಸೇ ಹಾಕೋದು, ನಮ್ಮ ಅನಾನಸ್ ಗೊಜ್ಜಿನ ಅಣ್ಣತಮ್ಮ ಅನ್ಕೊಳ್ಳಿ. ಅರ್ಧ ಕೆಜಿ ಹಣ್ಣು ಸಣ್ಣಗೆ ಹೆಚ್ಚಿ ಒಂದು ಚಕ್ಕೆ, ನಾಲ್ಕು ಲವಂಗ, ಬೆರಳುದ್ದ ಶುಂಠಿ ಜಜ್ಜಿ ಹಾಕಿ ಸಣ್ಣ ಉರೀಲಿ ಮೆತ್ತಗಾಗೋವರೆಗೆ ಬೇಯಿಸಿ, ಆಮೇಲೆ 80 ಗ್ರಾಂ ಬೆಲ್ಲ, ನೆನೆಸಿ ರುಬ್ಬಿದ ನಾಲ್ಕು ಬ್ಯಾಡಗಿ, ಉಪ್ಪು. ಹುಳಿಗೆ ಕಾಚಂಪುಳಿ, ಅಂದ್ರೆ ಕೊಡಗಿನ ಗಟ್ಟಿ ಕಪ್ಪು ವಿನೆಗರ್, ಒಂದು ಚಮಚ ಸಿಕ್ರೆ ಅದರ ಮುಂದೆ ಬೇರೆ ಇಲ್ಲ, ಕೊಡಗಿನ ಹಂದಿ ಮಾಂಸದ ಪಂದಿ ಕರಿಗೆ ಅದನ್ನ ಹಾಕೋದು ಸುಮ್ನೆ ಅಲ್ಲ, ಆ ಗಾಢ ಹುಳಿ ಹಂದಿ ಕೊಬ್ಬಿನ ಜಿಡ್ಡನ್ನ ಕಡಿಯತ್ತೆ. ಇಲ್ಲಾಂದ್ರೆ ವಿನೆಗರ್ ಎರಡು ಚಮಚ. ಚಕ್ಕೆ ಲವಂಗ ಎತ್ತಿ ಬಿಸಾಕಿ ಅರ್ಧ ಭಾಗ ಮಾತ್ರ ರುಬ್ಬಿ, ತುಣುಕು ಬಾಯಿಗೆ ಸಿಗ್ಬೇಕು. ತಟ್ಟೆ ಮೇಲೆ ಒಂದು ತೊಟ್ಟು ಹಾಕಿ ಬೆರಳಲ್ಲಿ ಗೆರೆ ಎಳೀರಿ, ಎರಡೂ ಕಡೆಯಿಂದ ಹರಿದು ಕೂಡ್ಕೊಳ್ದೆ ನಿಂತ್ರೆ ಒಲೆ ಆರಿಸಿ. ಆರಿದ ಮೇಲೆ ಇನ್ನೂ ಗಟ್ಟಿ ಆಗತ್ತೆ, ಅದಕ್ಕೆ ಸ್ವಲ್ಪ ಮೊದ್ಲೇ ಇಳಿಸೋದು ವಾಸಿ. ಮಾವೇ ಬೇಕಂದ್ರೆ ತೋತಾಪುರಿ ತಗೊಳ್ಳಿ, ಬೆಲ್ಲ ಅರ್ಧ ಮಾಡಿ.

ಗೋವಾ ಸಾಸೇಜ್ ತಂದಿದ್ರೆ ಈ ಸಾಸ್ ಬೇಡ, ಅದ್ರೊಳಗೇ ವಿನೆಗರ್, ಮೆಣಸಿನಕಾಯಿ ಧಾರಾಳವಾಗಿರತ್ತೆ.

ಸಾಸ್ ಉಳಿದ್ರೆ ಬಾಟ್ಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ನಮ್ಮನೇಲಿ ಮಾರನೇ ದಿನ ಬೆಳಿಗ್ಗೆ ಅಕ್ಕಿ ರೊಟ್ಟಿ ಜೊತೆಗೇ ಖಾಲಿ ಆಗೋದು, ಸಾಸೇಜ್ ಸುಟ್ಟವರಿಗೆ ಏನೂ ಉಳಿಸಿರಲ್ಲ.