ಅಧ್ಯಕ್ಷೀಯ ಪದ್ಧತಿ ಬಂದರೆ ರೆಸಾರ್ಟ್ ರಾಜಕಾರಣ ನಿಲ್ಲುತ್ತದೆಯೇ?

ಸಮ್ಮಿಶ್ರ ಸರ್ಕಾರಗಳ ಹಗ್ಗಜಗ್ಗಾಟವನ್ನೂ ರೆಸಾರ್ಟ್ ರಾಜಕಾರಣವನ್ನೂ ನೋಡಿ ಬೇಸತ್ತಿರುವುದಾಗಿ ಬರೆದು, ಅಮೆರಿಕದಲ್ಲಿರುವಂತೆ ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ಪದ್ಧತಿ ಭಾರತಕ್ಕೂ ಬಂದರೆ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಮೊದಲು ಒಂದು ಸಣ್ಣ ತಿದ್ದುಪಡಿ: ಅಮೆರಿಕದ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುವುದಿಲ್ಲ. ರಾಜ್ಯವಾರು ಆಯ್ಕೆಯಾದ 538 ಮಂದಿಯ ಮತದಾರ ಮಂಡಲವೊಂದು ಆರಿಸುತ್ತದೆ. 2000 ಮತ್ತು 2016ರಲ್ಲಿ ದೇಶದ ಒಟ್ಟು ಮತಗಳಲ್ಲಿ ಹಿಂದೆ ಬಿದ್ದವರೇ ಅಧ್ಯಕ್ಷರಾದರು.

ಪಿಯುಸಿ ತರಗತಿಗಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದಾಗ ಕಪ್ಪುಹಲಗೆಯ ನಡುವೆ ಗೆರೆ ಎಳೆದು ಅಧ್ಯಕ್ಷೀಯ ಪದ್ಧತಿ ಮತ್ತು ನಮ್ಮ ಸಂಸದೀಯ ಪದ್ಧತಿ ಎರಡರ ಗುಣದೋಷಗಳನ್ನು ನಾನೂ ಬರೆಸಿದ್ದೇನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಒಂದು ದೇಶದ ಆಡಳಿತವನ್ನು ಅರಿಯಬೇಕಾದರೆ, ಅವಧಿ ಮುಗಿಯುವ ಮುನ್ನ ಆಳುವವರನ್ನು ಇಳಿಸಬಲ್ಲವರು ಯಾರು, ಇಳಿಸಲು ಅಪರಾಧವನ್ನು ತೋರಿಸಲೇಬೇಕೇ, ಇಳಿಸಿದ ಮೇಲೆ ಮುಂದೇನು ಎಂದು ಕೇಳುವುದೇ ಹೆಚ್ಚು ಉಪಯುಕ್ತವೆಂದು ಈಗ ನನಗೆ ಅನ್ನಿಸುತ್ತದೆ.

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ರಚನಾ ಸಭೆಯ ಮುಂದಿಡುವಾಗ ಡಾ. ಅಂಬೇಡ್ಕರ್ ಈ ವಿಷಯವನ್ನು ಎತ್ತಿಕೊಂಡಿದ್ದರು. ಕಾರ್ಯಾಂಗಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು, ಆದರೆ ಎರಡನ್ನೂ ಸಮಪ್ರಮಾಣದಲ್ಲಿ ಕೊಡುವ ಪದ್ಧತಿ ಇನ್ನೂ ಸಿಕ್ಕಿಲ್ಲ; ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ಪದ್ಧತಿಗಳು ಸ್ಥಿರತೆಯತ್ತ ವಾಲಿದರೆ ಬ್ರಿಟನ್ನಿನದು ಹೊಣೆಗಾರಿಕೆಯತ್ತ ವಾಲುತ್ತದೆ ಎಂದರು. ಸಂಸದೀಯ ಪದ್ಧತಿಯಲ್ಲಿ ಪ್ರಶ್ನೆ, ನಿರ್ಣಯ, ಚರ್ಚೆಗಳ ಮೂಲಕ ಸರ್ಕಾರದ ಮೌಲ್ಯಮಾಪನ ದಿನವೂ ನಡೆಯುತ್ತದೆ ಎಂಬ ಕಾರಣಕ್ಕೆ ಅವರು ಅದರ ಪರ ನಿಂತರು.

ನಮಗೆ ಹತ್ತಿರದ ಉದಾಹರಣೆ ದೇವೇಗೌಡರದು. 1996ರ ಜೂನ್ 1ರಂದು ಸಂಯುಕ್ತ ರಂಗವೆಂಬ ಪಕ್ಷಗಳ ಕೂಟದಿಂದ ಪ್ರಧಾನಿಯಾದ ಅವರಿಗೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ವರ್ಷ ತುಂಬುವ ಮೊದಲೇ ಅದನ್ನು ಹಿಂತೆಗೆದುಕೊಂಡಿತು. 1997ರ ಏಪ್ರಿಲ್ 11ರ ವಿಶ್ವಾಸಮತದಲ್ಲಿ ಸರ್ಕಾರ ಸೋತಿತು. ಅವರ ಮೇಲೆ ಯಾರೂ ಯಾವ ಆರೋಪವನ್ನೂ ಸಾಬೀತುಪಡಿಸಬೇಕಿರಲಿಲ್ಲ. ಸದನದ ವಿಶ್ವಾಸ ಉಳಿದಿಲ್ಲವೆಂಬುದೇ ಸಾಕಾಯಿತು. ಹತ್ತೇ ದಿನಗಳಲ್ಲಿ ಅದೇ ಲೋಕಸಭೆಯ ಬಲದ ಮೇಲೆ, ಅದೇ ಸಂಯುಕ್ತ ರಂಗದಿಂದ ಗುಜ್ರಾಲ್ ಪ್ರಧಾನಿಯಾದರು. ಕಾಂಗ್ರೆಸ್ ನಡೆದುಕೊಂಡ ರೀತಿ ನನಗೆ ಅಂದೂ ಸರಿಕಾಣಲಿಲ್ಲ, ಇಂದೂ ಕಾಣುವುದಿಲ್ಲ. ಆದರೆ ಒಬ್ಬರು ಹೋಗಿ ಇನ್ನೊಬ್ಬರು ಬರುವುದಕ್ಕೆ ಜನ ಬೀದಿಗಿಳಿಯಬೇಕಾಗಲಿಲ್ಲ.

ಇದರ ಪಕ್ಕದಲ್ಲಿ ಶ್ರೀಲಂಕಾವನ್ನು ಇಟ್ಟು ನೋಡಿ. ಅಲ್ಲಿನ 1978ರ ಸಂವಿಧಾನ ಕಾರ್ಯಾಂಗದ ಅಧಿಕಾರವನ್ನು ಜನರಿಂದ ನೇರವಾಗಿ ಆಯ್ಕೆಯಾಗುವ ಅಧ್ಯಕ್ಷರಿಗೆ ಕೊಟ್ಟಿತು. 2022ರಲ್ಲಿ ಪೆಟ್ರೋಲಿಗೂ ಅಡುಗೆ ಅನಿಲಕ್ಕೂ ಜನ ದಿನಗಟ್ಟಲೆ ಸಾಲು ನಿಂತಾಗ, ಪ್ರಧಾನಿಯಾಗಿದ್ದ ಮಹಿಂದ ರಾಜಪಕ್ಸ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರೂ ಅಧ್ಯಕ್ಷರಾಗಿದ್ದ ತಮ್ಮ ಗೋಟಬಯ ಕದಲಲಿಲ್ಲ. ಅಧ್ಯಕ್ಷರನ್ನು ತೆಗೆಯಬೇಕಾದರೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತ, ಸುಪ್ರೀಂ ಕೋರ್ಟಿನ ವಿಚಾರಣೆ, ಮತ್ತೆ ಅಷ್ಟೇ ಬಹುಮತ ಬೇಕು. ಅದೂ ಲಂಚ, ದೇಶದ್ರೋಹ, ಸಂವಿಧಾನದ ಉಲ್ಲಂಘನೆಯಂಥ ನಿರ್ದಿಷ್ಟ ಆರೋಪಗಳ ಮೇಲೆ. ದೇಶವನ್ನು ದಿವಾಳಿ ಎಬ್ಬಿಸಿದ್ದು ಆ ಪಟ್ಟಿಯಲ್ಲಿ ಇಲ್ಲ! ಕೊನೆಗೆ ಜುಲೈ 9ರಂದು ಜನರೇ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಅವರು ದೇಶ ಬಿಟ್ಟುಹೋಗಿ ಸಿಂಗಪುರದಿಂದ ರಾಜೀನಾಮೆ ಕಳಿಸಿದರು. ಅಮೆರಿಕದಲ್ಲೂ ವಾಗ್ದಂಡನೆಯ ದಾರಿ ಇಷ್ಟೇ ಇಕ್ಕಟ್ಟು: ಆಂಡ್ರ್ಯೂ ಜಾನ್ಸನ್, ಕ್ಲಿಂಟನ್ ತಲಾ ಒಮ್ಮೆ, ಟ್ರಂಪ್ ಎರಡು ಬಾರಿ ಅದನ್ನು ಎದುರಿಸಿದರು, ಸೆನೆಟ್ ಒಬ್ಬರನ್ನೂ ಪದಚ್ಯುತಗೊಳಿಸಲಿಲ್ಲ.

ಆದರೂ ನಿಮ್ಮ ಬೇಸರಕ್ಕೆ ಅರ್ಥವಿದೆ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರ 99–105 ಮತಗಳಿಂದ ಬಿದ್ದದ್ದು ಸದನದಲ್ಲಾದರೂ, ಬೀಳಿಸಿದ ಶಾಸಕರು ಅಂದು ಸದನದಲ್ಲೇ ಇರಲಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಪಕ್ಷದ ಆದೇಶವಾದ ವಿಪ್ ಉಲ್ಲಂಘಿಸಿದರೆ ಸ್ಥಾನ ಹೋಗುತ್ತದೆಂದು, ಮೊದಲೇ ರಾಜೀನಾಮೆ ಬರೆದುಕೊಟ್ಟು ಅವರಲ್ಲಿ ಹೆಚ್ಚಿನವರು ಮುಂಬಯಿಯಲ್ಲಿ ಉಳಿದಿದ್ದರು. ಅಮೆರಿಕದಂಥ ಅಧ್ಯಕ್ಷೀಯ ಪದ್ಧತಿಯಲ್ಲಿ ಶಾಸಕರ ರಾಜೀನಾಮೆಯಿಂದ ಸರ್ಕಾರ ಬೀಳುವುದಿಲ್ಲ, ಶಾಸಕರಾಗಿದ್ದುಕೊಂಡು ಮಂತ್ರಿಯಾಗುವಂತೆಯೂ ಇಲ್ಲ; ಹಾಗಾಗಿ ಈ ವ್ಯಾಪಾರಕ್ಕೆ ಗಿರಾಕಿಗಳು ಕಡಿಮೆ ಎಂಬುದನ್ನು ಒಪ್ಪುತ್ತೇನೆ.

ಆದರೆ ಅಸ್ಥಿರತೆಗೆ ಸಂಸದೀಯ ಪದ್ಧತಿಯ ಒಳಗೇ ಮದ್ದು ಹುಡುಕಿದವರಿದ್ದಾರೆ. ಜರ್ಮನಿಯ ಸಂಸತ್ತು ಚಾನ್ಸೆಲರ್ ಮೇಲೆ ಅವಿಶ್ವಾಸ ಸೂಚಿಸಬೇಕಾದರೆ ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನು ಬಹುಮತದಿಂದ ಆರಿಸಲೇಬೇಕು. ಈ ನಿಯಮದಡಿ ಸರ್ಕಾರ ಬದಲಾದದ್ದು ಒಂದೇ ಸಲ, 1982ರಲ್ಲಿ, ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದಾಗ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರವನ್ನು ಒಂದೇ ಮತದಿಂದ, 269–270ರಲ್ಲಿ, ಕೆಡವಿದ ಪಕ್ಷಗಳಿಗೆ ಬದಲಿ ಸರ್ಕಾರ ಕಟ್ಟಲಾಗಲಿಲ್ಲ. ಕಾರ್ಗಿಲ್ ಯುದ್ಧವನ್ನು ದೇಶ ಉಸ್ತುವಾರಿ ಸರ್ಕಾರದಡಿಯಲ್ಲೇ ಎದುರಿಸಿತು. ಜರ್ಮನಿಯಂಥ ನಿಯಮ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

2019ರ ಕರ್ನಾಟಕಕ್ಕೆ ಈ ಮದ್ದು ನಾಟುತ್ತಿರಲಿಲ್ಲ, ಏಕೆಂದರೆ ಯಡಿಯೂರಪ್ಪನವರು ಸಂಖ್ಯೆಯೊಂದಿಗೆ ಸಿದ್ಧರಾಗಿಯೇ ಇದ್ದರು. ಅಲ್ಲಿ ಬೇಕಿದ್ದುದು ಬೇರೆ. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲ ಎಂದೂ ಆದೇಶಿಸಿದ್ದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ, ಸ್ಪರ್ಧೆಯನ್ನು ತಡೆಯುವ ಅಧಿಕಾರ ಸ್ಪೀಕರ್‌ಗೆ ಇಲ್ಲವೆಂದಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಗೆದ್ದರು, ಹಲವರು ಮಂತ್ರಿಗಳೂ ಆದರು. ಆ ಒಂದು ನಿರ್ಬಂಧವನ್ನು, ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೇ ಅನುಸೂಚಿಗೆ ಸೇರಿಸುವುದಕ್ಕೆ ಬೇಕಾಗುವುದು ಒಂದು ತಿದ್ದುಪಡಿ. ನೀವು ಕೇಳುತ್ತಿರುವ ಬದಲಾವಣೆಗಾದರೋ ಸಂವಿಧಾನದ ಅರ್ಧವನ್ನೇ ಮತ್ತೆ ಬರೆಯಬೇಕಾಗುತ್ತದೆ.