ಮಗ ಪಟ್ಟಕ್ಕೆ ಬಂದರೆ ದಂಗೆ ಏಕೆ?

ಪ್ರಶ್ನೆ: ರಾಜವಂಶ ಕಟ್ಟಿ ಆಳುವ ‘ಕ್ರುಸೇಡರ್ ಕಿಂಗ್ಸ್ 3’ ವಿಡಿಯೊ ಗೇಮ್‌ನಲ್ಲಿ 1066ರಿಂದ ಕಲ್ಯಾಣದ ಚಾಲುಕ್ಯರನ್ನು ಹಿಡಿದು ಆಡುತ್ತಿದ್ದೇನೆ. ತಂದೆ ಇರುವಷ್ಟು ದಿನ ಸಾಮಂತರು ಉಸಿರೆತ್ತಲಿಲ್ಲ. ಮಗ ಬಂದ ಎರಡೇ ವರ್ಷಕ್ಕೆ ದಂಗೆ! ಎಲ್ಲಿ ಎಡವಿದೆ?
— ಓದುಗರೊಬ್ಬರು, ಹಾಸನ

ಉತ್ತರ: ತಂದೆ ಗಳಿಸಿದ್ದ ಡ್ರೆಡ್ (ದೊರೆಯ ಬಗೆಗಿನ ಭಯ), ಮದುವೆಗಳಿಂದ ಬಂದ ಮೈತ್ರಿ ಎಲ್ಲ ಅವನ ಜೊತೆಗೇ ಹೋಯಿತು. ಹೊಸ ದೊರೆ ಎಂಬ ಕಾರಣಕ್ಕೇ ಸಾಮಂತರ ಒಲವು ಕುಸಿಯುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು ಪಾರ್ಟಿಷನ್‌ನದು, ಅಂದರೆ ಮಕ್ಕಳ ನಡುವಿನ ಪಾಲಿನದು: ಸೀಮೆ ತಮ್ಮಂದಿರಿಗೆ ಹಂಚಿಹೋಗಿ ನಿಮ್ಮ ಸ್ವಂತ ಪಡೆ ಇಳಿಯುತ್ತದೆ. ಸಾಮಂತರ ಪಡೆ ಅಷ್ಟೇ ಇದ್ದರೂ ಲೆಕ್ಕ ತಲೆಕೆಳಗಾಗುತ್ತದೆ.

ಫ್ಯಾಕ್ಷನ್‌ನ (ನಿಮ್ಮ ವಿರುದ್ಧ ಒಂದಾದ ಸಾಮಂತರ ಗುಂಪು) ಬಲ ನಿಮ್ಮದರ 80% ದಾಟಿದರೆ ಅಸಮಾಧಾನ ತಿಂಗಳು ತಿಂಗಳೂ ಏರಿ, 100 ಮುಟ್ಟಿದಾಗ ಬೇಡಿಕೆ ಪತ್ರ ಬರುತ್ತದೆ. ನಿಮಗೆ 4,000 ಸೈನಿಕರು, ಅವರಿಗೆ 3,400 ಎಂದುಕೊಳ್ಳಿ: 85%. ಅವರಲ್ಲಿ 900 ಸೈನಿಕರ ಡ್ಯೂಕ್ (ದೊಡ್ಡ ಸಾಮಂತ) ಒಬ್ಬನನ್ನು ಕಳಚಿದರೆ 62.5%ಕ್ಕೆ ಇಳಿಯುತ್ತದೆ. ಎಲ್ಲರನ್ನೂ ಒಲಿಸುವ ಗೋಜು ಬೇಡ. ಪಟ್ಟ ಬದಲಾದ ಕೂಡಲೇ ಆಟ ನಿಲ್ಲಿಸಿ, ಅತಿ ದೊಡ್ಡ ಪಡೆ ಯಾರದೆಂದು ನೋಡಿ, ಅವನ ಮಗನಿಗೆ ನಿಮ್ಮ ತಂಗಿಯನ್ನೋ ಮಗಳನ್ನೋ ಕೊಡಿ. ಮೈತ್ರಿಯಾದವನು ಫ್ಯಾಕ್ಷನ್ ಸೇರಲಾರ. ಯಾರ ಮೇಲೆ ನಿಮಗೆ ಸ್ಟ್ರಾಂಗ್ ಹುಕ್ (ಬಿಗಿ ಹಿಡಿತ) ಇದೆಯೋ ಅವನೂ ಅಷ್ಟೇ.

ಕೌನ್ಸಿಲ್ (ಮಂತ್ರಿಮಂಡಲ) ನೋಡಿದಿರಾ? ಪ್ರಬಲ ಸಾಮಂತನಿಗೆ ಸ್ಥಾನ ಸಿಗದಿದ್ದರೆ ಒಲವು 40 ಇಳಿಯುತ್ತದೆ. ಕೆಲಸ ಬಾರದ ಡ್ಯೂಕ್‌ನನ್ನು ಕೂಡ ಚಾನ್ಸಲರ್ (ರಾಜತಾಂತ್ರಿಕ ಮಂತ್ರಿ) ಮಾಡಬಹುದು. ಗೂಢಚಾರ ಹುದ್ದೆ ಮಾತ್ರ ಮುನಿದವನ ಕೈಗೆ ಹೋಗಬಾರದು. ಮೊದಲ ಕೆಲವು ವರ್ಷ ಕ್ರೌನ್ ಅಥಾರಿಟಿ (ಸಾಮಂತರ ಮೇಲೆ ದೊರೆಯ ಅಧಿಕಾರ) ಏರಿಸಬೇಡಿ, ಕಾರಣವಿಲ್ಲದೆ ಸೀಮೆ ಕಿತ್ತುಕೊಳ್ಳಬೇಡಿ. ತಮ್ಮನ ಪರ ಹಕ್ಕು ಕೇಳುವ ಫ್ಯಾಕ್ಷನ್‌ ಮೇಲೆ ಕಣ್ಣಿಡಿ. ಇತಿಹಾಸದಲ್ಲೂ 1076ರಲ್ಲಿ ಚಾಲುಕ್ಯ ದೊರೆ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟವೇರಿದವನೂ ತಮ್ಮನೇ, ಆರನೆಯ ವಿಕ್ರಮಾದಿತ್ಯ.

ಪ್ರಶ್ನೆ: ದಂಗೆ ಅಡಗಿಸಿದೆ, ಸೆರೆಮನೆ ತುಂಬಿದೆ. ಎಲ್ಲರ ತಲೆ ತೆಗೆಯಲೇ?
— ಇನ್ನೊಬ್ಬರು, ಮೈಸೂರು

ಉತ್ತರ: ತೆಗೆದರೆ ಡ್ರೆಡ್ ಏರುತ್ತದೆ, ಆದರೆ ಸತ್ತವನ ಮಗನೇ ಅದೇ ಸೀಮೆಗೆ ಒಡೆಯನಾಗಿ ನಿಮ್ಮನ್ನು ದ್ವೇಷಿಸುತ್ತಾನೆ. ಸೋತ ದಂಗೆಕೋರನಿಂದ ಒಂದು ಪದವಿ ಕಿತ್ತುಕೊಂಡರೆ ಟಿರನಿ (ದಬ್ಬಾಳಿಕೆಯ ಕಳಂಕ) ತಗಲುವುದಿಲ್ಲ. ಮೊದಲು ಡ್ಯೂಕ್ ಪದವಿಯನ್ನೇ ಕಿತ್ತುಕೊಳ್ಳಿ. ಹಾಗೆ ಸಿಕ್ಕ ಡ್ಯೂಕ್ ಪದವಿಗಳಲ್ಲಿ ಎರಡನ್ನು ಒಬ್ಬನಿಗೇ ಕೊಟ್ಟೀರಿ, ಜೋಕೆ!