ಲೆಕ್ಕ ನಡೆಯುವಾಗ ವಿಂಡೋ ಹ್ಯಾಂಗ್ ಆಗುವುದೇಕೆ?

ಬಟನ್ ಒತ್ತಿದೊಡನೆ ದೊಡ್ಡ ಲೆಕ್ಕ ಶುರುವಾಗಿ ವಿಂಡೋ ಹ್ಯಾಂಗ್ ಆಗುತ್ತದೆ, ಅಲ್ವಾ? ಕ್ಲಿಕ್, ಕೀಬೋರ್ಡ್, ಪರದೆ ಬಿಡಿಸುವುದು ಎಲ್ಲವನ್ನೂ ಒಂದೇ ಥ್ರೆಡ್ (ಪ್ರೋಗ್ರಾಂನೊಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಎಳೆ) ನೋಡಿಕೊಳ್ಳುತ್ತದೆ. ಅದನ್ನೇ ಲೆಕ್ಕಕ್ಕೆ ಕೂರಿಸಿದರೆ ಉಳಿದದ್ದೆಲ್ಲ ಕಾಯಬೇಕು. ವಿಂಡೋಸ್ 5 ಸೆಕೆಂಡ್ ನೋಡಿ ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತದೆ.

ಲೆಕ್ಕವನ್ನು ಬೇರೆ ಥ್ರೆಡ್‌ಗೆ ಕೊಡಿ. ಆದರೆ ಆ ಥ್ರೆಡ್‌ನಿಂದ ಲೇಬಲ್, ಪ್ರೋಗ್ರೆಸ್ ಬಾರ್ ಮುಟ್ಟಬೇಡಿ. ಒಮ್ಮೊಮ್ಮೆ ಸುಮ್ನೆ ನಡೆದುಬಿಡುತ್ತದೆ, ಅಪಾಯ ಇರುವುದೇ ಅಲ್ಲಿ. ವಿಂಡೋ ಕಟ್ಟಲು ಕ್ಯೂಟಿ (Qt) ಲೈಬ್ರರಿ ಬಳಸಿದ್ದರೆ ಮುಖ್ಯ ಥ್ರೆಡ್‌ಗೆ ಸಿಗ್ನಲ್ ಕಳಿಸಿ. ಪೈಥಾನ್‌ನ ಟಿಕಿಂಟರ್ ಲೈಬ್ರರಿಯಲ್ಲಾದರೆ ಫಲಿತಾಂಶವನ್ನು ಕ್ಯೂಗೆ (ಸರದಿ ಸಾಲಿಗೆ) ಹಾಕಿ, ಮುಖ್ಯ ಥ್ರೆಡ್‌ನಲ್ಲಿ ‘ಆಫ್ಟರ್’ (ಇಷ್ಟು ಹೊತ್ತು ಬಿಟ್ಟು ನಡೆಸು ಅನ್ನುವ ಆಜ್ಞೆ) ಬಳಸಿ ಆಗಾಗ ತೆಗೆದು ನೋಡಿ. ಲೆಕ್ಕ ಪೂರ್ತಿ ಪೈಥಾನ್ ಕೋಡ್‌ನಲ್ಲೇ ಇದ್ದರೆ ಸಾಮಾನ್ಯವಾಗಿ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ನಡೆಸಲು ಬಿಡುವ ಬೀಗ) ಕಾಟ ಜಾಸ್ತಿ, ಆಗ ಪ್ರತ್ಯೇಕ ಪ್ರೋಸೆಸ್ ಮೇಲು.

ರದ್ದು ಬಟನ್ ಬೇಕೇ? ಥ್ರೆಡ್ಡನ್ನು ಬಲವಂತವಾಗಿ ಕೊಲ್ಲಬೇಡಿ. ಒಂದು ಫ್ಲ್ಯಾಗ್ (‘ನಿಲ್ಲಿಸು’ ಅನ್ನುವ ಗುರುತು) ಇಡಿ, ಲೂಪ್ ಅದನ್ನು ನೋಡಿ ತಾನೇ ನಿಲ್ಲಲಿ.